ಕ್ರೇನಿನ ಎಡಕ್ಕೆ ಮೂರನೆಯದು

ಫೆಬ್ರವರಿ 3

ಅಣ್ಣನವರಿಗೆ,

ನಾಲ್ಕನೇ ಕ್ರೇನಿನವರ ಹೆಂಡತಿ ಮಾಡುವ ನಮಸ್ಕಾರಗಳು. ಹನ್ನೊಂದು ವರ್ಷದ ಮೇಲೆ ನನ್ನ ಕಾಗದ ಕಂಡು ನಿಮಗೆ ಆಶ್ಚರ್ಯವಾಗಬಹುದು. ನಿಮ್ಮ ವಿಳಾಸ ಹಗ್ಗದ ಅಂಗಡಿಯವರು ಕೊಟ್ಟರು. ನೀವು ಈಗ ಇನ್ನೊಂದು ಬಂದರಿನಲ್ಲಿ ಉಗ್ರಾಣ ನೋಡಿಕೊಳ್ಳುತ್ತೀರಂತೆ.

ಇವರು ಹೋದ ಆಗಸ್ಟಿನಲ್ಲಿ ತೀರಿಕೊಂಡರು. ಮಲಗಿದ್ದು ಒಂಬತ್ತು ದಿನ. ನಿಮಗೆ ಯಾರಾದರೂ ತಿಳಿಸಿರಬಹುದು ಅಂದುಕೊಂಡು ನಾನು ತಿಳಿಸಲಿಲ್ಲ. ಅದು ತಪ್ಪು. ಕ್ಷಮಿಸಿ.

ಈಗ ಬರೆಯುತ್ತಿರುವುದು ಒಂದು ಸಹಾಯಕ್ಕಾಗಿ. ಬಂದರಿನ ಕ್ವಾರ್ಟರ್ಸನ್ನು ಜೂನ್ ಕೊನೆಗೆ ಬಿಡಬೇಕು. ಕೈಗೆ ಬಂದಿರುವ ಹಣದಲ್ಲಿ ಒಂದು ಸೈಟು ತೆಗೆದುಕೊಂಡು ಸಣ್ಣದೊಂದು ಮನೆ ಕಟ್ಟಿಸಬಹುದು. ಒಂದೇ ಒಂದು. ತಪ್ಪಿದರೆ ಇನ್ನೊಂದಕ್ಕೆ ಶಕ್ತಿಯಿಲ್ಲ.

ಇವರಿಗೆ ಮನಸ್ಸಿನಲ್ಲಿ ಒಂದು ಸೈಟು ಇತ್ತು. ಮದುವೆಯಾದ ಎರಡು ವರ್ಷಕ್ಕೇ ಶುರುವಾಗಿತ್ತು ಆ ಮಾತು. "ಗುಡ್ಡದ ಮೇಲೆ ಒಂದು ಖಾಲಿ ಜಾಗ ಇದೆ ಕಣೇ, ಸುತ್ತ ಎಲ್ಲಾ ಚಾವಣಿ, ಮಧ್ಯ ಒಂದು ಕರವಸ್ತ್ರ ಒಣಹಾಕಿದ ಹಾಗೆ" ಅನ್ನುತ್ತಿದ್ದರು. ತೋರಿಸಿ ಅಂದರೆ ನಗುತ್ತಿದ್ದರು. ಆಮೇಲೆ ನಿಮ್ಮ ಕೈಗೆ ಪೆಟ್ಟಾದ ವರ್ಷದಿಂದ ಆ ಮಾತನ್ನೇ ಬಿಟ್ಟರು. ನಾನೂ ಕೇಳಲಿಲ್ಲ.

ಮೊನ್ನೆ ಅವರ ಕೆಲಸದ ಪುಸ್ತಕದಲ್ಲಿ ಒಂದು ಚಿತ್ರ ಸಿಕ್ಕಿತು. ಪೆನ್ಸಿಲ್ಲಿನದು. ನೀರಿನ ಟ್ಯಾಂಕು ಒಂದು ಸೊನ್ನೆ. ಅದರ ಆಚೆ ಈಚೆ ಚಾವಣಿಗಳು, ಚೌಕ ಚೌಕ. ಒಂದು ಚೌಕದ ಒಳಗೆ ಏನೂ ಇಲ್ಲ. ಕೆಳಗೆ ಬರೆದಿದ್ದಾರೆ: "ಟ್ಯಾಂಕಿನ ಎಡಕ್ಕೆ ಮೂರನೆಯದು."

ಹುಡುಕಿಕೊಂಡು ಹೋದೆ. ಗುಡ್ಡ ಇಳಿಯುವಾಗ ಟ್ಯಾಂಕಿನ ಎಡಕ್ಕೆ, ಮೂರನೆಯದು, ನಿಜವಾಗಿಯೂ ಒಂದು ಖಾಲಿ ಸೈಟಿದೆ. ಅದೇ ಇರಬೇಕು. ಆದರೂ ಕ್ರೇನಿನ ಮೇಲಿನಿಂದ ಊರನ್ನು ನೋಡಿದವರು ಇವರನ್ನು ಬಿಟ್ಟರೆ ನೀವು. ಅವರು ನಿಮಗೆ ತೋರಿಸಿದ್ದು ನಿಮ್ಮ ನೆನಪಿನಲ್ಲಿದ್ದರೆ ಎರಡು ಸಾಲು ಬರೆಯಿರಿ.

ನಿಮ್ಮ ಗೆಳೆಯನ ಹೆಂಡತಿ


ಫೆಬ್ರವರಿ 27

ತಂಗಿಗೆ,

ಕಾಗದ ತಲುಪಿತು. ನನಗೆ ಯಾರೂ ಹೇಳಿರಲಿಲ್ಲ. ಕಾಗದ ಓದಿ ಉಗ್ರಾಣಕ್ಕೆ ಬೀಗ ಹಾಕಿದೆ. ಮಧ್ಯಾಹ್ನವೇ ಹಾಕಿದ್ದು ಇದೇ ಮೊದಲು.

ಸೈಟಿನ ವಿಷಯ ನನಗೆ ನೆನಪಿಲ್ಲ. ನಿನಗೆ ಸರಿ ಕಂಡದ್ದನ್ನು ತಗೋ.

ಅಕ್ಷರ ಕಾಗೆಕಾಲು ಗುಬ್ಬಿಕಾಲು ಆಗಿದೆ. ಎಡಗೈಯಲ್ಲಿ ಬರೆಯುವುದು ಇಷ್ಟು ವರ್ಷವಾದರೂ ಒಗ್ಗಿಲ್ಲ.

ಅಣ್ಣ


ಮಾರ್ಚ್ 8

ಅಣ್ಣನವರಿಗೆ,

ನೀವು ಬರೆದದ್ದೇ ಸಾಕು. ನೆನಪಿಲ್ಲದಿದ್ದರೆ ಪರವಾಗಿಲ್ಲ.

ಸೈಟು ನೋಡಿ ಬಂದೆ, ದಲ್ಲಾಳಿಯ ಜೊತೆ. ಅವನನ್ನು ಎಲ್ಲರೂ ಗಡಿಯಾರ ಅನ್ನುತ್ತಾರೆ, ಮಾತಿಗೊಮ್ಮೆ ಕೈ ತಿರುಗಿಸಿ ಗಂಟೆ ನೋಡುತ್ತಾನೆ. ನನ್ನನ್ನು ಮೂಲೆಯಲ್ಲಿ ನಿಲ್ಲಿಸಿ, "ಈಗ ತಲೆ ಎತ್ತಿ ಅಮ್ಮಾ" ಅಂದ. ಎತ್ತಿದೆ.

ಇಡೀ ಸಮುದ್ರ ಕಣ್ಣೆದುರು ಬಂತು ಅಣ್ಣಾ. ಇಷ್ಟು ವರ್ಷ ಈ ಊರಿನಲ್ಲಿದ್ದು ನಾನು ಸಮುದ್ರವನ್ನು ತುಂಡು ತುಂಡಾಗಿಯೇ ನೋಡಿದ್ದೆ, ಗೋಡೆಗಳ ಸಂದಿಯಲ್ಲಿ, ಗೇಟಿನ ಕಂಬಿಗಳ ಆಚೆ. ಹಡಗುಗಳು ಬರುವ ದಾರಿ, ಕಟ್ಟುವ ಕಟ್ಟೆ, ಅಲೆತಡೆ, ಎಲ್ಲಾ ಒಂದೇ ನೋಟದಲ್ಲಿ. ಇವರು ಆಸೆಪಟ್ಟದ್ದು ಸುಮ್ಮನೆ ಅಲ್ಲ ಅನ್ನಿಸಿತು.

"ನಿಮ್ಮ ಯಜಮಾನರ ಕಣ್ಣು ಭಾರಿ ಕಣ್ಣು" ಅಂದ ಗಡಿಯಾರ. "ಇದಕ್ಕೆ ಇನ್ನೂ ಇಬ್ಬರು ಕೇಳ್ತಿದ್ದಾರೆ. ಹದಿನೆಂಟನೇ ತಾರೀಕಿಗೆ ಅಡ್ವಾನ್ಸ್ ಕೊಟ್ಟುಬಿಡಿ."

"ಟ್ಯಾಂಕಿನ ಬಲಗಡೆ ಸಾಲಲ್ಲೂ ಮೂರನೇದು ಖಾಲಿ ಇದ್ಯಲ್ಲಪ್ಪ?" ಅಂದೆ, ಸುಮ್ಮನೆ ಕೇಳಿದ್ದು.

"ಅದಾ? ಎರಡು ಮನೆ ಸಂದೀಲಿ ಸಿಕ್ಕಿಹಾಕ್ಕೊಂಡಿದೆ. ಅಲ್ಲಿ ನಿಂತ್ರೆ ಪಕ್ಕದ ಮನೆ ಗೋಡೆಗೆ ಎಷ್ಟು ಮೊಳೆ ಹೊಡೆದಿದ್ದಾರೆ ಅಂತ ಲೆಕ್ಕ ಹಾಕಬಹುದು ಅಷ್ಟೇ." ಮತ್ತೆ ಗಂಟೆ ನೋಡಿದ.

ಒಂದೇ ಒಂದು ಬೇಸರ. ಈ ಸೈಟಿನಿಂದ ಎಲ್ಲಾ ಕಂಡರೂ ನಾಲ್ಕನೇ ಕ್ರೇನು ಕಾಣುವುದಿಲ್ಲ. ಧಾನ್ಯದ ಗೋದಾಮು ಅಡ್ಡ ಬರುತ್ತದೆ. ಹಾಗಿದ್ದರೆ ಅಲ್ಲಿಂದ ಇದು ಹೇಗೆ ಕಾಣುತ್ತಿತ್ತೋ. ಎತ್ತರಕ್ಕೆ ಹೋದರೆ ಕಾಣಬಹುದೇನೋ. ನನಗೆ ಎತ್ತರದ ವಿಷಯ ಏನು ಗೊತ್ತು.

ಮನೆ ಬಿಕೋ ಅನ್ನುತ್ತದೆ. ನಿನ್ನೆ ಸಕ್ಕರೆ ಡಬ್ಬಿ ಹುಡುಕುತ್ತಾ ನಿಂತಿದ್ದೆ. ಅವರಿದ್ದಾಗ ಅದಕ್ಕೇ ಒಂದು ಜಗಳ. ಎದುರಿಗೆ ಕೂತು "ಬಲಕ್ಕಿದೆ ನೋಡೇ" ಅನ್ನುತ್ತಿದ್ದರು. ನಾನು ಬಲಕ್ಕೆ ನೋಡಿದರೆ ಉಪ್ಪು. "ನಿಮ್ಮ ಬಲವೋ ನನ್ನ ಬಲವೋ ಸರಿಯಾಗಿ ಹೇಳಿ" ಅಂದರೆ, "ಬಲ ಅಂದ್ರೆ ಒಂದೇ ಬಲ" ಅನ್ನುತ್ತಿದ್ದರು. ಈಗ ಯಾರೂ ತಪ್ಪು ಕಡೆ ತೋರಿಸುವವರಿಲ್ಲ. ಡಬ್ಬಿ ತಾನಾಗಿಯೇ ಸಿಗುತ್ತದೆ.

ನಿಮ್ಮ ಗೆಳೆಯನ ಹೆಂಡತಿ


ಮಾರ್ಚ್ 13

ತಂಗಿಗೆ,

ಅಡ್ವಾನ್ಸ್ ಕೊಡಬೇಡ. ಈ ಕಾಗದ ತಲುಪಿದ ಕೂಡಲೇ ಆ ಗಡಿಯಾರಕ್ಕೆ ಹೇಳಿ ಕಳಿಸು.

ಬಂದರಿನಲ್ಲಿ ಎಡ ಬಲ ಅಂದರೆ ಕ್ರೇನಿನ ಎಡ ಬಲ. ನಾನು ಕೆಳಗೆ ಅವನಿಗೆ ಮುಖ ಮಾಡಿ ನಿಂತು ಕೈಸನ್ನೆ ಮಾಡುತ್ತಿದ್ದೆ. ನನಗೆ ಬಲವಾದದ್ದು ಅವನಿಗೆ ಎಡ. ಒಂದು ಗಳಿಗೆ ಅದರಲ್ಲಿ ಗೊಂದಲವಾದರೂ ಯಾರದೋ ತಲೆ ಹೋಗುತ್ತದೆ. ಅದಕ್ಕೇ ಮೊದಲ ದಿನವೇ ಹೇಳಿಕೊಡುತ್ತಾರೆ, ಕ್ಯಾಬಿನ್ನಿನಲ್ಲಿ ಕೂತವನ ಎಡವೇ ಎಡ, ಅವನ ಬಲವೇ ಬಲ. ಅವನು ಅದನ್ನು ಮನೆಗೂ ತಂದಿದ್ದಾನೆ, ಸಕ್ಕರೆ ಡಬ್ಬಿಗೂ.

ನೀನು ಗುಡ್ಡದಿಂದ ಕೆಳಗೆ ಇಳಿಯುತ್ತಾ ಎಡಕ್ಕೆ ನೋಡಿದೆ. ಅವನು ಸಮುದ್ರದ ಕಡೆಯಿಂದ ಗುಡ್ಡವನ್ನು ನೋಡುತ್ತಿದ್ದ. ಅವನ ಎಡ ನಿನ್ನ ಬಲ. ಆ ಮೊಳೆ ಎಣಿಸುವ ಸೈಟೇ ಅದು.

ನೆನಪಿಲ್ಲ ಅಂತ ಬರೆದದ್ದು ಸುಳ್ಳು. ಅಲ್ಲಿಗೆ ಹೋಗು. ಹಿಂದಿನ ಭಾಗದಲ್ಲಿ ಒಂದು ಚಪ್ಪಟೆ ಕಲ್ಲು ಇರಬೇಕು. ಇದೆಯೋ ನೋಡಿ ಬರೆ.

ಅಣ್ಣ


ಮಾರ್ಚ್ 24

ಅಣ್ಣನವರಿಗೆ,

ಕಲ್ಲು ಇದೆ.

ಗಡಿಯಾರ ಬರಲು ಒಪ್ಪಲಿಲ್ಲ, ಕೀಲಿ ಕೊಟ್ಟು ಕಳಿಸಿದ. ತಗಡಿನ ಗೇಟು ತುಕ್ಕು ಹಿಡಿದಿತ್ತು. ಒಳಗೆ ಸೊಂಟದವರೆಗೆ ಕಳೆ. ಒಡೆದ ಹೆಂಚು, ಯಾರದೋ ಹಳೇ ಬಕೆಟ್ಟು, ಒಂಟಿ ಚಪ್ಪಲಿ. ಎರಡೂ ಕಡೆ ಪಕ್ಕದ ಮನೆಗಳ ಗೋಡೆ. ಇದನ್ನು ನೋಡಿ ಅವರು ಆಸೆಪಟ್ಟರೇ ಎಂದು ನನಗೆ ಸಿಟ್ಟೇ ಬಂತು. ಕಳೆಯನ್ನು ಕಾಲಲ್ಲಿ ತುಳಿದು ದಾರಿ ಮಾಡಿಕೊಂಡು ಹಿಂದಕ್ಕೆ ಹೋದೆ. ಕಲ್ಲು ಕಂಡಿತು. ಅದರ ಒಂದು ಮೂಲೆ ಒಡೆದಿದೆ.

ಆ ಒಡೆದ ಮೂಲೆ ನನಗೆ ಗೊತ್ತು. ಅಲ್ಲಿ ನಾನು ಊಟದ ಡಬ್ಬಿ ಇಡುತ್ತಿದ್ದೆ.

ಮೊದಲು ಅಲ್ಲಿ ಗೋಡೆ ಗೇಟು ಇರಲಿಲ್ಲ, ಕಾಲುದಾರಿ ಇತ್ತು. ಕ್ವಾರ್ಟರ್ಸಿನಿಂದ ಬಂದರಿಗೆ ಅದೇ ಹತ್ತಿರ. ಇಳಿಜಾರು ಕಳೆದ ಮೇಲೆ ಈ ಕಲ್ಲಿನ ಮೇಲೆ ಒಂದು ನಿಮಿಷ ಕೂತು, ಚಪ್ಪಲಿಯ ಮಣ್ಣು ಝಾಡಿಸಿ, ಡಬ್ಬಿ ಕೈ ಬದಲಾಯಿಸಿ ಮುಂದೆ ಹೋಗುತ್ತಿದ್ದೆ. ಹತ್ತಾರು ವರ್ಷ. ಆಮೇಲೆ ಊರಿನವರು ಮೆಟ್ಟಿಲು ಕಟ್ಟಿಸಿದರು, ಕೆಲವು ತಿಂಗಳಲ್ಲಿ ಕಾಲುದಾರಿ ಮುಚ್ಚಿತು. ಆ ಹೊತ್ತಿಗೆ ನನ್ನ ಡಬ್ಬಿಯೂ ನಿಂತಿತ್ತು. ನಿಮ್ಮ ಕೈಗೆ ಪೆಟ್ಟಾದ ವಾರವೇ ಇವರು, "ಇನ್ಮೇಲೆ ಡಬ್ಬಿ ತರಬೇಡ, ಕ್ಯಾಂಟೀನಲ್ಲಿ ತಿಂತೀನಿ" ಅಂದರು. ನನ್ನ ಅಡುಗೆ ಸಾಕಾಯಿತೇನೋ ಅಂದುಕೊಂಡೆ. ಹನ್ನೊಂದು ವರ್ಷ ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ಬಡಿಸಿದ್ದೇನೆ.

ಮೊನ್ನೆ ಮತ್ತೆ ಆ ಕಲ್ಲಿನ ಮೇಲೆ ಕೂತೆ. ಅಲ್ಲಿಂದ ಸಮುದ್ರ ಕಾಣುವುದಿಲ್ಲ, ಹಡಗು ಕಾಣುವುದಿಲ್ಲ. ಎರಡು ಗೋಡೆಗಳ ನಡುವೆ ಒಂದು ಕೈಯಗಲದ ಆಕಾಶ. ಆ ಆಕಾಶದಲ್ಲಿ ಒಂದೇ ಒಂದು ವಸ್ತು. ನಾಲ್ಕನೇ ಕ್ರೇನಿನ ಕ್ಯಾಬಿನ್ನು.

ಅದರ ಗಾಜಿಗೆ ಬಿಸಿಲು ಬಿದ್ದು ಹೊಳೆಯುತ್ತಿತ್ತು. ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಪಕ್ಕದ ಮನೆಯ ಅಜ್ಜಿ ಗೋಡೆಯ ಮೇಲಿಂದ ಇಣುಕಿ, "ಏನಮ್ಮಾ, ಜಾಗ ಅಳೀತಿದ್ದೀಯಾ, ನಿದ್ದೆ ಮಾಡ್ತಿದ್ದೀಯಾ?" ಅಂದಳು.

ಅಣ್ಣಾ, ನಿಮಗೆ ಗೊತ್ತಿರುವುದನ್ನು ಹೇಳಿ. ಇವರು ಏನು ನೋಡುತ್ತಿದ್ದರು?

ನಿಮ್ಮ ಗೆಳೆಯನ ಹೆಂಡತಿ


ಏಪ್ರಿಲ್ 11

ತಂಗಿಗೆ,

ಎರಡು ಸಲ ಬರೆದು ಹರಿದೆ. ಇದು ಮೂರನೆಯದು. ಇದನ್ನು ಹರಿಯುವುದಿಲ್ಲ.

ದಿನಾ ಹನ್ನೆರಡೂಕಾಲಿಗೆ ನಾಲ್ಕನೇ ಕ್ರೇನು ನಿಲ್ಲುತ್ತಿತ್ತು. ಎತ್ತಿದ ಹೊರೆ ಎಲ್ಲಿದ್ದರೆ ಅಲ್ಲೇ. ನಾನು ಮೊದಲು ಬ್ರೇಕಿನ ತೊಂದರೆ ಅಂದುಕೊಂಡಿದ್ದೆ. ಕೆಳಗಿನಿಂದ ಕೂಗಿದೆ, "ಏನೋ, ಮೇಲೇ ಸಂಸಾರ ಹೂಡ್ತೀಯಾ?" ಅವನು ಕಿಟಕಿಯಿಂದ ತಲೆ ಹೊರಹಾಕಿ, "ತಡಿಯೋ, ಕೂತಿದ್ದಾಳೆ" ಅಂದ.

ಆ ಸಂಜೆ ನನ್ನನ್ನು ಮೇಲೆ ಹತ್ತಿಸಿ ತೋರಿಸಿದ. ಟ್ಯಾಂಕು, ಚಾವಣಿಗಳು, ಖಾಲಿ ಚೌಕ. "ಅಲ್ಲೊಂದು ಕಲ್ಲಿದೆ. ಅವಳು ಅಲ್ಲಿ ಕೂರ್ತಾಳೆ. ಅವಳಿಗೆ ಗೊತ್ತಿಲ್ಲ, ಹೇಳಬೇಡ. ಹೇಳಿದ್ರೆ ನಾಚ್ಕೊಂಡು ಬೇರೆ ದಾರಿ ಹಿಡೀತಾಳೆ." ನಾನು ಹೇಳಲಿಲ್ಲ. ಎಂಟು ಟನ್ನಿನ ಮರದ ದಿಮ್ಮಿಗಳು ಗಾಳಿಯಲ್ಲಿ ಅಲ್ಲಾಡದೆ ನಿಂತಿರುತ್ತಿದ್ದವು ತಂಗಿ, ನೀನು ಚಪ್ಪಲಿಯ ಮಣ್ಣು ಝಾಡಿಸಿ ಏಳುವ ತನಕ. ಹಡಗಿನವರು ಬೈಯುತ್ತಿದ್ದರು. ನಾನು ಕೈ ಎತ್ತಿ "ನಿಲ್ಲಿಸು" ಸನ್ನೆಯಲ್ಲೇ ನಿಂತಿರುತ್ತಿದ್ದೆ, ತಪ್ಪು ನನ್ನದೆಂದು ಕಾಣಲಿ ಎಂದು.

ಆ ದಿನದ್ದು ಹೇಳುತ್ತೇನೆ. ಹನ್ನೆರಡೂಕಾಲಾಯಿತು, ನೀನು ಬರಲಿಲ್ಲ. ಇಪ್ಪತ್ತಾಯಿತು. ಅವನು ಕೆಲಸ ನಿಲ್ಲಿಸಲಿಲ್ಲ, ಆದರೆ ಕಣ್ಣು ಗುಡ್ಡದ ಮೇಲಿತ್ತು. ಆಪರೇಟರನ ಕಣ್ಣು ನನ್ನ ಕೈಯ ಮೇಲೆ ಇಲ್ಲದಿದ್ದರೆ ನಾನು ಕೆಲಸ ನಿಲ್ಲಿಸಬೇಕು, ಅದು ನಿಯಮ. ನನಗೆ ಹಸಿವು, ನಿಲ್ಲಿಸಲಿಲ್ಲ. ಇಳಿಸು ಅಂತ ಸನ್ನೆ ಕೊಟ್ಟೆ, ಅವನು ಓರೆಗಣ್ಣಲ್ಲಿ ನೋಡಿ ಇಳಿಸತೊಡಗಿದ. ದಿಮ್ಮಿ ಓರೆಯಾಗಿತ್ತು, ಸರಿ ಮಾಡಲು ಬಲಗೈ ಹಾಕಿದೆ, ಎಡಗೈ ಎತ್ತಿ ನಿಲ್ಲಿಸು ಅಂದೆ. ಅವನು ನೋಡಲಿಲ್ಲ. ಎರಡು ಬೆರಳು ಅಲ್ಲೇ ಉಳಿದವು.

ವಿಚಾರಣೆಯಲ್ಲಿ ಅವನು ನಿಜ ಹೇಳಲು ಸಿದ್ಧನಾಗಿದ್ದ. ನನ್ನನ್ನು ಮೊದಲು ಕೇಳಿದರು. "ನಾನು ನಿಲ್ಲಿಸು ಅಂತ ಕೈ ಎತ್ತಲೇ ಇಲ್ಲ" ಅಂದೆ. ಹಾಗನ್ನದಿದ್ದರೆ ಅವನನ್ನು ಮತ್ತೆ ಕ್ರೇನು ಹತ್ತಿಸುತ್ತಿರಲಿಲ್ಲ. ಆಮೇಲೆ ಅವನು ಹೇಳಿದ್ದನ್ನು ಯಾರೂ ಬರೆದುಕೊಳ್ಳಲಿಲ್ಲ.

ಆಸ್ಪತ್ರೆಗೆ ಬಂದ. "ನೀನು ಕೈ ಎತ್ತಿದ್ದೆ. ನಂಗೊತ್ತು" ಅಂದ.

"ನೋಡಿದ್ದಿದ್ರೆ ನಿಲ್ಲಿಸ್ತಿದ್ದೆ. ನೋಡೇ ಇಲ್ಲ ಅಂದ್ಮೇಲೆ ಎತ್ತಿದ್ದೆ ಅಂತ ಹೇಗೆ ಗೊತ್ತು ನಿಂಗೆ?" ಅಂದೆ. ನಾನು ತಮಾಷೆಗೆ ಅಂದದ್ದು.

ಅವನು ಎದ್ದು ಹೋದ. ಅಷ್ಟೇ. ಸುಳ್ಳು ಹೇಳಿ ಉಳಿಸಿದವನ ಮುಖ ನೋಡುವುದು ಅವನಿಗೆ ಕಷ್ಟವಾಯಿತು. ನನಗೆ ಅವನ ಕಷ್ಟ ನೋಡುವುದು ಕಷ್ಟವಾಯಿತು. ವರ್ಗ ಕೇಳಿ ಹೊರಟೆ.

ಈಗ ನೀನು ಆ ಸೈಟನ್ನು ಬೇಡ ಅನ್ನಬಹುದು. ಆ ಜಾಗ ನೋಡುತ್ತಾ ಇದ್ದುದಕ್ಕೆ ಹೀಗಾಯಿತು ಎಂದು. ನನ್ನ ಮಾತು ಕೇಳುವುದಾದರೆ, ಬೇಡ ಅನ್ನಬೇಡ. ಹೋದ ಬೆರಳುಗಳ ಯಜಮಾನ ನಾನು, ನಾನು ಹೇಳುತ್ತಿದ್ದೇನೆ, ತಗೋ.

ಆ ದಿನ ನೀನು ಯಾಕೆ ಬರಲಿಲ್ಲ ಎಂದು ಕೇಳುವುದಿಲ್ಲ.

ಅಣ್ಣ


ಮೇ 6

ಅಣ್ಣನವರಿಗೆ,

ನೀವು ಕೇಳಲಿಲ್ಲ, ನಾನೇ ಹೇಳುತ್ತೇನೆ. ಹಳೇ ಡೈರಿ ತೆಗೆದು ನೋಡಿದೆ. ಆ ದಿನದ ಕೆಳಗೆ ಮೊದಲ ಸಾಲು ಹೀಗಿದೆ: "ಚಪ್ಪಲಿಯ ಪಟ್ಟಿ ಕಿತ್ತಿತು. ಹೊಲಿಸಿಕೊಂಡು, ಹೊತ್ತಾಯಿತೆಂದು ಹೊಸ ಮೆಟ್ಟಿಲಿನಿಂದ ಹೋದೆ." ಅದರ ಕೆಳಗೆ ನಿಮ್ಮ ಕೈಯ ಸುದ್ದಿ. ಎರಡೂ ಒಂದೇ ಪುಟದಲ್ಲಿ, ಒಂದೇ ಪೆನ್ನಿನಲ್ಲಿ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿದೆ ಎಂದು ನನಗೆ ಗೊತ್ತಿರಲಿಲ್ಲ.

ಮೂರು ವಾರ ನನಗೆ ಬರೆಯಲು ಆಗಲಿಲ್ಲ. ಅಳಲೂ ಆಗಲಿಲ್ಲ. ಎಂಟು ಟನ್ನು ಅನ್ನುವುದು ಎಷ್ಟು ಎಂದು ಹಗ್ಗದ ಅಂಗಡಿಯವರನ್ನು ಕೇಳಿದೆ. "ಎರಡು ಆನೆ ಅಮ್ಮಾ" ಅಂದರು. ಎರಡು ಆನೆಗಳು ಆಕಾಶದಲ್ಲಿ ನನಗಾಗಿ ಕಾದು ನಿಂತಿದ್ದವು. ನಾನು ಕೆಳಗೆ ಕೂತು, ಇವತ್ತು ಉಪ್ಪು ಜಾಸ್ತಿಯಾಯಿತೇನೋ ಎಂದು ಯೋಚಿಸುತ್ತಿದ್ದೆ.

ಸೈಟು ತೆಗೆದುಕೊಂಡೆ. ನಿನ್ನೆ ನೋಂದಣಿಯಾಯಿತು. ಗಡಿಯಾರ ಮೂರು ಸಲ ಕೇಳಿದ, "ಅಮ್ಮಾ, ಸಮುದ್ರ ಕಾಣೋದನ್ನ ಬಿಟ್ಟು ಗೋಡೆ ಕಾಣೋದನ್ನ ಯಾರಾದ್ರೂ ತಗೋತಾರಾ?" ತಗೋತಾರೆ ಅಂದೆ. ಅವನು ಮೊದಲ ಸಲ ಗಂಟೆ ನೋಡುವುದನ್ನು ಮರೆತ. ಕಚೇರಿಯಲ್ಲಿ ಗುಮಾಸ್ತೆ ಚಕ್ಕುಬಂದಿ ಓದಿದಳು. ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಇಂಥವರ ಮನೆ, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಹಳೇ ಕಾಲುದಾರಿ. "ಎಲ್ಲಾ ಸರೀನಾ?" ಅಂದಳು. ಮೇಲಕ್ಕೆ ಯಾರಿದ್ದರು ಎಂದು ಅದರಲ್ಲಿ ಬರೆಯುವುದಿಲ್ಲ. ಸರಿ ಅಂದು ಸಹಿ ಹಾಕಿದೆ.

ಇವರ ಕೈಕೆಳಗೆ ಕೆಲಸ ಕಲಿತವನು ಈಗ ಅಲ್ಲಿ ಫೋರ್‌ಮನ್. ಈ ತಿಂಗಳ ಕೊನೆಯ ಭಾನುವಾರ ಕ್ರೇನಿಗೆ ರಜೆಯಂತೆ. ಬೆಲ್ಟು ಕಟ್ಟಿ ಮೇಲೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದಾನೆ. ನನಗೆ ಒಂದು ಸಲ ಅಲ್ಲಿ ಕೂತು ನೋಡಬೇಕು. ನೀವೂ ಬನ್ನಿ.

ನಿಮ್ಮ ತಂಗಿ


ಮೇ 19

ತಂಗಿಗೆ,

ಬೆಳಗಿನ ಬಸ್ಸಿಗೆ ಬರುತ್ತೇನೆ. ಕ್ರೇನು ಹತ್ತುವುದಿಲ್ಲ, ಮಂಡಿ ಕೇಳುವುದಿಲ್ಲ. ಸೈಟಿನ ಕೀಲಿ ಹಗ್ಗದ ಅಂಗಡಿಯಲ್ಲಿ ಕೊಟ್ಟಿರು. ಖಾಲಿ ಡಬ್ಬಿಯೊಂದನ್ನೂ ಕೊಟ್ಟಿರು.

ಅಣ್ಣ


ಜೂನ್ 4

ಅಣ್ಣನವರಿಗೆ,

ಭಾನುವಾರ ನಿಮ್ಮ ಬಸ್ಸಿಗೆ ಹೊತ್ತಾಗಿತ್ತು. ಬಸ್ಸು ಹೊರಟಾಗ ನೀವು ಕಿಟಕಿಯಿಂದ, "ಕಂಡಿತಾ?" ಅಂದಿರಿ. ನಾನು ತಲೆಯಾಡಿಸಿದೆ. ಉಳಿದದ್ದನ್ನು ಈಗ ಹೇಳುತ್ತೇನೆ.

ಮೆಟ್ಟಿಲುಗಳು ಕಬ್ಬಿಣದವು, ಸಂದಿಯಲ್ಲಿ ನೀರು ಕಾಣುತ್ತದೆ. ಅರ್ಧ ಹತ್ತಿ ಕಂಬಿ ಹಿಡಿದು ನಿಂತೆ. "ಇನ್ನೂ ಎಷ್ಟಪ್ಪಾ?" ಅಂದೆ. "ಎಣಿಸಿದ್ರೆ ಜಾಸ್ತಿ ಆಗತ್ತಮ್ಮಾ. ಕೈ ನೋಡ್ಕೊಂಡು ಹತ್ತಿ" ಅಂದ ಫೋರ್‌ಮನ್. ಇವರು ಮೂವತ್ತು ವರ್ಷ ದಿನಾ ಹತ್ತಿದರು. ಮನೆಗೆ ಬಂದು ಒಂದು ದಿನವೂ ಕಾಲು ನೋವು ಅಂದವರಲ್ಲ.

ಕ್ಯಾಬಿನ್ನು ನಮ್ಮ ಅಡುಗೆಮನೆಯ ಕಾಲುಭಾಗ. ಒಂದು ಸೀಟು, ಕ್ರೇನು ನಡೆಸುವ ಎರಡು ಕೋಲು, ಸುತ್ತ ಗಾಜು, ಕಾಲ ಕೆಳಗೂ ಗಾಜು. ಫೋರ್‌ಮನ್ ಸೀಟು ಒರೆಸಿ, "ಕೂತ್ಕೊಳ್ಳಿ ಅಮ್ಮಾ" ಅಂದ. ಕೂತೆ. ಸೀಟಿನ ರೆಕ್ಸಿನ್ನು ಒಂದು ಕಡೆ ತಗ್ಗಾಗಿದೆ. ಆ ತಗ್ಗು ನನಗೆ ಹೊಸದಲ್ಲ, ಮನೆಯ ಕುರ್ಚಿಯಲ್ಲೂ ಅದೇ ಕಡೆ ಇದೆ.

ತಲೆ ಎತ್ತಿದೆ. ಸಮುದ್ರ ಬೆನ್ನ ಹಿಂದಿತ್ತು. ಎದುರಿಗೆ ಗುಡ್ಡ. ನಮ್ಮ ಊರು ಹೀಗಿದೆ ಎಂದು ನನಗೆ ಗೊತ್ತಿರಲಿಲ್ಲ ಅಣ್ಣಾ. ನಾನು ನಡೆದಾಡಿದ ರಸ್ತೆ ಒಂದೂ ಇಲ್ಲ, ಬರೀ ಚಾವಣಿ. ಕೆಂಪು, ಬೂದಿ, ಕೆಂಪು. ಯಾರದೋ ತಾರಸಿಯಲ್ಲಿ ಹಾಸಿಗೆ ಒಣಹಾಕಿದ್ದರು. ಒಬ್ಬಳು ತಲೆ ಬಾಚಿಕೊಳ್ಳುತ್ತಿದ್ದಳು. ಯಾರಿಗೂ ತಾವು ಕಾಣುತ್ತಿದ್ದೇವೆ ಎಂದು ಗೊತ್ತಿಲ್ಲ. ಸೊನ್ನೆಯ ಹಾಗೆ ಟ್ಯಾಂಕು. ಅದರ ಎಡಕ್ಕೆ, ನಿಜವಾದ ಎಡಕ್ಕೆ, ಒಂದು, ಎರಡು, ಮೂರು.

ನೀವು ಗೇಟು ತೆಗೆದು ಒಳಗೆ ಬಂದಿರಿ. ಕಳೆ ತುಳಿದು ಹಿಂದಕ್ಕೆ ನಡೆದಿರಿ. ಡಬ್ಬಿಯನ್ನು ಒಡೆದ ಮೂಲೆಯ ಮೇಲೆ ಇಟ್ಟಿರಿ. ಕೂತಿರಿ. ಒಂದು ಕಾಲಿನ ಚಪ್ಪಲಿ ಬಿಚ್ಚಿ ಝಾಡಿಸಿದಿರಿ. ಅಲ್ಲಿಯವರೆಗೆ ನಾನು ಅಂದುಕೊಂಡಿದ್ದೆ, ಇಷ್ಟು ದೂರದಿಂದ ಮನುಷ್ಯರು ಇರುವೆಯ ಹಾಗೆ ಕಾಣಬಹುದು, ಇವರಿಗೆ ನಾನೊಂದು ಚುಕ್ಕೆಯಾಗಿದ್ದೆ ಎಂದು. ಹಾಗಲ್ಲ. ಡಬ್ಬಿಯ ಹಿಡಿ ಹೊಳೆದದ್ದು ಕಂಡಿತು. ನೀವು ನಿಟ್ಟುಸಿರು ಬಿಟ್ಟದ್ದು ಹೆಗಲಿನಲ್ಲಿ ಕಂಡಿತು. ಒಬ್ಬರು ದಣಿದಿದ್ದಾರೆ ಎಂದು ಅಷ್ಟು ದೂರದಿಂದ ತಿಳಿಯುತ್ತದೆ. ನಾನು ದಣಿದದ್ದೆಲ್ಲಾ ಅವರಿಗೆ ತಿಳಿದಿತ್ತು. ಮನೆಗೆ ಬಂದ ಮೇಲೆ ಹೇಳದೆ ಕೇಳದೆ ನೀರು ತುಂಬುತ್ತಿದ್ದರು. ಅದು ಅವರ ಸ್ವಭಾವ ಅಂದುಕೊಂಡಿದ್ದೆ.

ಆಗ ನೀವು ಎದ್ದು ನಿಂತು ಕೈ ಎತ್ತಿದಿರಿ. ಬಲಗೈ. ಅಂಗೈ ನಮ್ಮ ಕಡೆಗೆ.

"ಅಮ್ಮಾ, ಅದು ಏನು ಸನ್ನೆ ಗೊತ್ತಾ?" ಅಂದ ಫೋರ್‌ಮನ್.

"ನಿಲ್ಲಿಸು" ಅಂದೆ. ನನಗೆ ಯಾರೂ ಕಲಿಸಿರಲಿಲ್ಲ.

ನನ್ನ ಪಕ್ಕ ಕೋಲು ಹಿಡಿದು ನಿಂತಿದ್ದವನು ಕೆಲಸದ ಅಭ್ಯಾಸಕ್ಕೋ ಏನೋ ಎರಡೂ ಕೋಲುಗಳ ಮೇಲಿನಿಂದ ಕೈ ತೆಗೆದ. ಕ್ರೇನಿಗೆ ರಜೆ, ನಿಲ್ಲಿಸಲು ಅಲ್ಲಿ ಏನೂ ಇರಲಿಲ್ಲ. ಆದರೂ ನಾವಿಬ್ಬರೂ ಅಲ್ಲಾಡಲಿಲ್ಲ, ನೀವು ಕೈ ಇಳಿಸುವ ತನಕ.

ಒಂದು ಮಾತು ನಿಮಗೆ ಹೇಳಲೇಬೇಕು. ಅಲ್ಲಿಂದ ಎಲ್ಲಾ ಕಾಣುತ್ತದೆ ಅಂದೆನಲ್ಲ, ಬೆರಳುಗಳ ಎಣಿಕೆ ಮಾತ್ರ ಕಾಣುವುದಿಲ್ಲ. ನಿಮ್ಮ ಕೈ ಇಡಿಯಾಗಿ ಕಂಡಿತು.

ಕ್ವಾರ್ಟರ್ಸಿಗೆ ಮೂರು ತಿಂಗಳ ವಿನಾಯಿತಿ ಸಿಕ್ಕಿದೆ. ಸೋಮವಾರ ಮೇಸ್ತ್ರಿ ಅಳತೆಗೆ ಬಂದಿದ್ದ. ಕಲ್ಲು ತೆಗೆಸಿಬಿಡೋಣವೇ ಎಂದು ಕೇಳಿದ. ಬೇಡ, ಅದನ್ನು ಬಿಟ್ಟು ಉಳಿದದ್ದರಲ್ಲಿ ಕಟ್ಟು ಅಂದೆ. ಅಡುಗೆಮನೆ ಯಾವ ಕಡೆ ಬರಬೇಕು ಅಂದ.

"ಎಡಕ್ಕೆ" ಅಂದೆ.

"ನಿಮ್ಮ ಎಡವೋ, ನನ್ನ ಎಡವೋ ಅಮ್ಮಾ?"

ಇಬ್ಬರದೂ ಅಲ್ಲ ಅಂದು ಗೋಡೆಗಳ ನಡುವಿನ ಆಕಾಶಕ್ಕೆ ಕೈ ತೋರಿಸಿದೆ. ಅವನು ಅಲ್ಲಿ ನೋಡಿದ, ನನ್ನನ್ನು ನೋಡಿದ, ಪೆನ್ಸಿಲ್ಲು ಕಿವಿಗೆ ಸಿಕ್ಕಿಸಿಕೊಂಡ. ಅವನಿಗೆ ಅರ್ಥವಾಗಲಿಲ್ಲ. ನೀವು ಮುಂದಿನ ಸಲ ಬಂದಾಗ ಅವನಿಗೆ ಹೇಳಿಕೊಡಿ.

ನಿಮ್ಮ ತಂಗಿ